ದೊಡ್ಡ ವ್ಯಾಪಾರಕ್ಕೆ ಇ-ಕಾಮರ್ಸ್ ಪ್ಲಾಟ್‌ಫಾರ್ಮ್: ಡೆಮೊ ದಿನ ನಿಮ್ಮ ಹತ್ತು ಕಷ್ಟದ ಆರ್ಡರ್ ಹಾಕಿಸಿ ನೋಡಿ

ಹೆಣ್ಣು ನೋಡುವ ಶಾಸ್ತ್ರಕ್ಕೆ ಹೋದಾಗ ಉಪ್ಪಿಟ್ಟು, ಕೇಸರಿಬಾತ್ ಕೆಟ್ಟಿದ್ದು ಯಾವತ್ತಾದರೂ ಕೇಳಿದ್ದೀರಾ? ಇ-ಕಾಮರ್ಸ್ ಪ್ಲಾಟ್‌ಫಾರ್ಮ್, ಅಂದರೆ ಆನ್‌ಲೈನ್ ಅಂಗಡಿ ನಡೆಸುವ ಸಾಫ್ಟ್‌ವೇರ್ ಮಾರುವವರ ಡೆಮೊ ಕೂಡ ಹಾಗೇ. ಮೂವತ್ತು ಚಂದದ ಟೀ ಶರ್ಟು, ಒಂದೇ ಗೋದಾಮು, ಒಂದೇ ತೆರಿಗೆ, ಗಿರಾಕಿ ಕಾರ್ಡ್ ಕೊಟ್ಟ ತಕ್ಷಣ ಹಸಿರು ಟಿಕ್. ನೋಡಿದವರೆಲ್ಲ ತಲೆಯಾಡಿಸುತ್ತಾರೆ. ಆಮೇಲೆ ಯಾರೋ ಒಬ್ಬರು ಎಕ್ಸೆಲ್ ಶೀಟ್ ತೆಗೆದು ಎಡಗಡೆ 200 ಸೌಲಭ್ಯ ಬರೆದು, ಮೇಲೆ ಐದು ಕಂಪನಿಗಳ ಹೆಸರು ಹಾಕಿ ಎಲ್ಲರಿಗೂ ಕಳಿಸುತ್ತಾರೆ. ಎಲ್ಲ ಕಂಪನಿಗಳೂ ಎಲ್ಲ ಸಾಲಿಗೂ ಟಿಕ್ ಹಾಕಿ ವಾಪಸ್ ಕಳಿಸುತ್ತವೆ. ಈಗ ಯಾರನ್ನು ಆರಿಸುತ್ತೀರಿ?

ನಾನು ಇಂಥ ಶೀಟ್‌ಗಳನ್ನು ತುಂಬಿದ್ದೇನೆ, ತುಂಬಿಸಿದ್ದೇನೆ. ಸುಮ್ನೆ ಸಮಯ ಹಾಳು. ಅದರ ಬದಲು ಹೀಗೆ ಮಾಡಿ. ಉದಾಹರಣೆಗೆ ಬಟ್ಟೆ ಮಾರುವ ದೊಡ್ಡ ಕಂಪನಿಯನ್ನೇ ಇಟ್ಟುಕೊಳ್ಳೋಣ. ಊರೂರಲ್ಲಿ ಅಂಗಡಿ, ಎರಡು ಮೂರು ರಾಜ್ಯದಲ್ಲಿ ಗೋದಾಮು, ಜೊತೆಗೆ ಡೀಲರ್‌ಗಳು.

ಮೊದಲು ಹತ್ತು ಕಷ್ಟದ ಆರ್ಡರ್ ಬರೆದುಕೊಳ್ಳಿ

ಇದನ್ನು ಐಟಿಯವರ ಹತ್ತಿರ ಬರೆಸಬೇಡಿ. ಅಕೌಂಟ್ಸ್‌ನವರು, ಗೋದಾಮಿನವರು, ಕಸ್ಟಮರ್ ಕೇರ್‌ನಲ್ಲಿ ಬೈಸಿಕೊಳ್ಳುವವರು, ಈ ಮೂವರನ್ನು ಕೂರಿಸಿ ಕಾಫಿ ಕೊಟ್ಟು, ಕಳೆದ ವರ್ಷ ನಿಮಗೆ ತಲೆನೋವು ಕೊಟ್ಟ ಆರ್ಡರ್ ಯಾವುದು ಅಂತ ಕೇಳಿ. ಅರ್ಧ ಗಂಟೆಯಲ್ಲಿ ಹತ್ತಲ್ಲ, ಮೂವತ್ತು ಸಿಗುತ್ತವೆ.

ನನ್ನ ಪಟ್ಟಿಯಲ್ಲಿ ಯಾವಾಗಲೂ ಇರುವ ಒಂದು ಆರ್ಡರ್ ಇದು. 2025ರ ಸೆಪ್ಟೆಂಬರ್ 22ರಿಂದ ಸಿದ್ಧ ಉಡುಪಿಗೆ, ಒಂದು ಪೀಸ್‌ನ ಬೆಲೆ 2500 ರೂಪಾಯಿ ತನಕ ಶೇ 5 ಜಿಎಸ್‌ಟಿ, ಅದರ ಮೇಲೆ ಶೇ 18. ತೆರಿಗೆ ಬಿಟ್ಟು 2600 ರೂಪಾಯಿಯ ಒಂದು ಕುರ್ತಾ ಇದೆ ಅನ್ನಿ. ಗಿರಾಕಿ 200 ರೂಪಾಯಿ ಕೂಪನ್ ಹಾಕುತ್ತಾರೆ. ಬೆಲೆ 2400 ಆಯಿತು, ಅಂದರೆ ತೆರಿಗೆ ದರವೇ ಬದಲಾಯಿತು. 3068 ರೂಪಾಯಿ ಆಗುತ್ತಿದ್ದ ಬಿಲ್ಲು 2520ಕ್ಕೆ ಇಳಿಯಬೇಕು. ಹೊರದೇಶದಲ್ಲಿ ಹುಟ್ಟಿದ ಪ್ಲಾಟ್‌ಫಾರ್ಮ್‌ಗಳಿಗೆ ಸರಕಿನ ಮೇಲೆ ತೆರಿಗೆ ಗೊತ್ತು, ಊರಿನ ಮೇಲೆ ತೆರಿಗೆ ಗೊತ್ತು. ರಿಯಾಯಿತಿ ಕೊಟ್ಟ ಮೇಲೆ ಉಳಿದ ಬೆಲೆ ನೋಡಿ ದರ ಬದಲಿಸುವುದು ಅಂದರೆ ಬಹಳ ಸಲ ಕೋಡ್ ಬರೆಯಲೇಬೇಕು. ಕೂಪನ್ ಇಡೀ ಕಾರ್ಟ್‌ಗೆ ಸೇರಿದ್ದು, ಕಾರ್ಟ್‌ನಲ್ಲಿ ಮೂರು ಪೀಸ್ ಇದೆ, ಆಮೇಲೆ ಒಂದು ಪೀಸ್ ವಾಪಸ್ ಬಂತು ಅಂದರೆ ಇನ್ನೂ ಮಜಾ.

ಇನ್ನೊಂದು ಹೊಸೂರಿನ ಆರ್ಡರ್. ಬೆಂಗಳೂರಿನ ಗೋದಾಮಿನಿಂದ ಹುಬ್ಬಳ್ಳಿಗೆ ಮಾಲು ಹೋದರೆ ಕೇಂದ್ರದ ಪಾಲು ಸಿಜಿಎಸ್‌ಟಿ, ರಾಜ್ಯದ ಪಾಲು ಎಸ್‌ಜಿಎಸ್‌ಟಿ. ಪಕ್ಕದ ತಮಿಳುನಾಡಿನ ಹೊಸೂರಿಗೆ ಹೋದರೆ ಗಡಿ ದಾಟಿತು, ಅಂತರರಾಜ್ಯ ತೆರಿಗೆ ಐಜಿಎಸ್‌ಟಿ. ಅದೇ ಹೊಸೂರಿನ ಆರ್ಡರ್‌ಗೆ ಬೆಂಗಳೂರಲ್ಲಿ ಸ್ಟಾಕ್ ಇಲ್ಲ ಅಂತ ಚೆನ್ನೈ ಗೋದಾಮಿನಿಂದ ಕಳಿಸಿದರೆ ಮತ್ತೆ ಲೆಕ್ಕ ತಿರುಗಾಮುರುಗಾ. ಗಿರಾಕಿ ಕೊಡುವ ದುಡ್ಡು ಅಷ್ಟೇ, ಬಿಲ್ಲು ಮಾತ್ರ ಬೇರೆ. ಅಂದರೆ ಯಾವ ಗೋದಾಮು ಅಂತ ತೀರ್ಮಾನ ಆಗುವ ತನಕ ಬಿಲ್ಲು ಹುಟ್ಟಬಾರದು. ದುಡ್ಡು ಬಂದ ಕೂಡಲೇ ಬಿಲ್ಲು ಮಾಡುವ ಸಿಸ್ಟಮ್ ನಿಮಗೆ ಆಗಿಬರುವುದಿಲ್ಲ.

ಉಳಿದವುಗಳಲ್ಲಿ ಕೆಲವನ್ನು ಬೇಗ ಹೇಳಿಬಿಡುತ್ತೇನೆ. ಕ್ಯಾಷ್ ಆನ್ ಡೆಲಿವರಿಯಲ್ಲಿ ಮೂರು ಸರಕು ತೆಗೆದುಕೊಂಡು ಒಂದನ್ನು ಬಾಗಿಲಲ್ಲೇ ವಾಪಸ್ ಕೊಟ್ಟವರು. 45 ದಿನದ ಸಾಲ, ತನ್ನದೇ ರೇಟು, ತನ್ನದೇ ಜಿಎಸ್‌ಟಿ ನಂಬರ್ ಇರುವ ಕಲಬುರಗಿಯ ಡೀಲರ್. ಅಮೆರಿಕದಲ್ಲಿ ಕೂತು ಅಲ್ಲಿನ ಕಾರ್ಡ್‌ನಿಂದ ಧಾರವಾಡದ ಅಮ್ಮನಿಗೆ ಇಳಕಲ್ ಸೀರೆ ಕಳಿಸುವ ಮಗಳು. ಕೊನೆಯ ಒಂದೇ ಪೀಸ್ ಅಂಗಡಿಯಲ್ಲೂ ಸೈಟ್‌ನಲ್ಲೂ ಒಂದೇ ನಿಮಿಷದಲ್ಲಿ ಮಾರಾಟವಾಗಿದ್ದು. ಹುಡುಕುವ ಡಬ್ಬಿಯಲ್ಲಿ ಕನ್ನಡದಲ್ಲೇ ‘ರವಿಕೆ’ ಅಂತ ಹೊಡೆದವರಿಗೆ ಬ್ಲೌಸ್ ತೋರಿಸಬೇಕಾದದ್ದು. ಈ ಕೊನೆಯದನ್ನು ಎಲ್ಲರೂ ಆಮೇಲೆ ನೋಡೋಣ ಅನ್ನುತ್ತಾರೆ, ಆ ಆಮೇಲೆ ಯಾವತ್ತೂ ಬರುವುದಿಲ್ಲ.

ಯಾರು ಎಲ್ಲಿಂದ ಬಂದವರು ನೋಡಿ

ಈ ಆರ್ಡರ್‌ಗಳನ್ನು ಹಿಡಿದುಕೊಂಡು ಈಗ ಹೆಸರುಗಳ ಹತ್ತಿರ ಹೋಗಿ. ಆದರೆ ಬ್ರೋಷರ್‌ಗಿಂತ ಮೊದಲು ಅವರ ಇತಿಹಾಸ ಓದಿ. ಯಾಕೆಂದರೆ ದೊಡ್ಡ ಪ್ಲಾಟ್‌ಫಾರ್ಮ್‌ಗಳಲ್ಲಿ ಹೆಚ್ಚಿನವು ಒಬ್ಬರು ಹೆತ್ತು ಇನ್ನೊಬ್ಬರು ಸಾಕಿದ ಮಕ್ಕಳು.

ಶಾಪಿಫೈ 2006ರಲ್ಲಿ ಕೆನಡಾದ ಒಟ್ಟಾವದಲ್ಲಿ ಶುರುವಾದದ್ದು, ದೊಡ್ಡವರಿಗೆ ಅಂತ ‘ಪ್ಲಸ್’ ಬಂದದ್ದು 2014ರಲ್ಲಿ. ಇದು ಬಾಡಿಗೆ ಮನೆ. ನೀರು, ಕರೆಂಟು, ಕಾವಲು ಎಲ್ಲ ಮಾಲೀಕರದ್ದು, ಬೇಗ ಒಳಗೆ ಹೋಗಬಹುದು. ಗೋಡೆ ಒಡೆಯುವಂತಿಲ್ಲ. ಒಂದು ಸರಕಿಗೆ 100 ವೇರಿಯಂಟ್ (ಸೈಜು, ಬಣ್ಣ ಕೂಡಿಸಿ ಆಗುವ ಬೇರೆ ಬೇರೆ ರೂಪ) ಅನ್ನುವ ಮಿತಿ ಬಹಳ ವರ್ಷ ಇತ್ತು, ಈಗ 2048ಕ್ಕೆ ಏರಿದೆ. ಆದರೆ ಸೈಜು, ಬಣ್ಣದಂಥ ಆಯ್ಕೆಗಳು ಮೂರೇ. ನಿಮ್ಮ ಅಂಗಿಗೆ 6 ಸೈಜು, 5 ಬಣ್ಣ, 2 ತೋಳು, 3 ಫಿಟ್ ಇದ್ದರೆ ಒಟ್ಟು 180. ಹೊಸ ಮಿತಿಯೊಳಗೆ ಹಿಡಿಸುತ್ತದೆ, ಆದರೆ ಆಯ್ಕೆ ನಾಲ್ಕಾಯಿತಲ್ಲ! ಇನ್ನೊಂದು ವಿಷಯ, ಅವರದೇ ಪೇಮೆಂಟ್ ಸೇವೆ ಭಾರತದಲ್ಲಿ ಇಲ್ಲ. ದುಡ್ಡು ವಸೂಲಿ ಮಾಡಿಕೊಡುವ ನಮ್ಮ ಪೇಮೆಂಟ್ ಗೇಟ್‌ವೇ ಹಾಕಿಕೊಂಡರೆ ಗೇಟ್‌ವೇಗೂ ಕೊಡಬೇಕು, ಬೇರೆಯವರದು ಬಳಸಿದ್ದಕ್ಕೆ ಶಾಪಿಫೈಗೂ ಸ್ವಲ್ಪ ಕೊಡಬೇಕು.

ಅಡೋಬಿ ಕಾಮರ್ಸ್ ಅಂದರೆ ಹಳೆಯ ಮಜೆಂಟೊ. 2008ರಲ್ಲಿ ಬಂತು, 2011ರಲ್ಲಿ ಇಬೇ ಕೊಂಡಿತು, 2015ರಲ್ಲಿ ಹೂಡಿಕೆದಾರರ ಕೈಗೆ ಹೋಯಿತು, 2018ರಲ್ಲಿ ಅಡೋಬಿ 168 ಕೋಟಿ ಡಾಲರ್‌ಗೆ ಕೊಂಡಿತು. ಇದು ಸ್ವಂತ ಮನೆ. ಏನು ಬೇಕಾದರೂ ಒಡೆದು ಕಟ್ಟಬಹುದು, ನನ್ನ ಕುರ್ತಾ ಆರ್ಡರ್‌ನ ತೆರಿಗೆಯನ್ನು ಇಲ್ಲಿ ಒಬ್ಬ ಒಳ್ಳೆ ಪಿಎಚ್‌ಪಿ ಹುಡುಗ ಬರೆದುಕೊಡುತ್ತಾನೆ. ಆದರೆ ಸೂರು ಸೋರಿದರೆ ನೀವೇ ಹತ್ತಬೇಕು. ಮಜೆಂಟೊ 1ರ ಬೆಂಬಲ 2020ರ ಜೂನ್ 30ಕ್ಕೆ ನಿಂತಿತು. ಅದೇ ಸೆಪ್ಟೆಂಬರ್‌ನಲ್ಲಿ ಒಂದೇ ವಾರಾಂತ್ಯದಲ್ಲಿ ಸುಮಾರು 2000 ಮಜೆಂಟೊ ಅಂಗಡಿಗಳಿಗೆ ಕನ್ನ ಬಿತ್ತು. ಅವುಗಳಲ್ಲಿ ಹೆಚ್ಚಿನವು ಆಮೇಲೆ ಅಪ್‌ಗ್ರೇಡ್ ಮಾಡೋಣ ಅಂತ ಕೂತಿದ್ದ ಮಜೆಂಟೊ 1ರ ಅಂಗಡಿಗಳು.

ಸೇಲ್ಸ್‌ಫೋರ್ಸ್ 2016ರಲ್ಲಿ ಡಿಮಾಂಡ್‌ವೇರ್ ಕೊಂಡು ಗಿರಾಕಿಗಳಿಗೆ ಮಾರುವ ಪ್ಲಾಟ್‌ಫಾರ್ಮ್ ಪಡೆಯಿತು. ಡೀಲರ್‌ಗಳಿಗೆ ಮಾರುವುದಕ್ಕೆ ಅಂತ 2018ರಲ್ಲಿ ಕ್ಲೌಡ್‌ಕ್ರೇಝ್ ಕೊಂಡಿತು. ಬೋರ್ಡು ಒಂದೇ, ಹಿಂದೆ ಇದ್ದದ್ದು ಎರಡು ಬೇರೆ ಬೇರೆ ಸಾಫ್ಟ್‌ವೇರ್. ಹಾಗಾಗಿ ಕಲಬುರಗಿ ಡೀಲರ್‌ನ ಆರ್ಡರ್ ಮತ್ತು ಧಾರವಾಡದ ಸೀರೆ ಆರ್ಡರ್ ಎರಡನ್ನೂ ಒಂದೇ ಲಾಗಿನ್‌ನಲ್ಲಿ ತೋರಿಸಿ ಅಂತ ಕೇಳಿ, ಅವರ ಮುಖ ನೋಡಿ. ಎಸ್‌ಎಪಿಯವರದ್ದು 2013ರಲ್ಲಿ ಕೊಂಡ ಹೈಬ್ರಿಸ್. ಜಾವಾ, ಭಾರಿ ಯಂತ್ರ, ಡೀಲರ್ ವ್ಯಾಪಾರಕ್ಕೆ ಗಟ್ಟಿ. ಮನೆಯಲ್ಲಿ ಎಸ್‌ಎಪಿ ಇಆರ್‌ಪಿ (ಲೆಕ್ಕ, ಸ್ಟಾಕ್, ಖರೀದಿ ಎಲ್ಲ ನೋಡಿಕೊಳ್ಳುವ ಕಂಪನಿಯ ಒಳಗಿನ ಸಾಫ್ಟ್‌ವೇರ್) ಇದ್ದರೆ ಮಾತ್ರ ಯೋಚಿಸಿ ಅನ್ನುವುದು ನನ್ನ ಅಭಿಪ್ರಾಯ. ಐಬಿಎಂನ ವೆಬ್‌ಸ್ಫಿಯರ್ ಕಾಮರ್ಸ್ 2019ರಿಂದ ನಮ್ಮ ನೊಯ್ಡಾದ ಎಚ್‌ಸಿಎಲ್ ಕೈಯಲ್ಲಿದೆ.

ಕಾಮರ್ಸ್‌ಟೂಲ್ಸ್ ಎಂಬ ಜರ್ಮನ್ ಕಂಪನಿಯದ್ದು ಹೆಡ್‌ಲೆಸ್, ಅಂದರೆ ಗಿರಾಕಿ ನೋಡುವ ಮುಖವೇ ಇಲ್ಲ. ಬೆಲೆ, ಕಾರ್ಟ್, ಆರ್ಡರ್ ಎಲ್ಲ ಎಪಿಐ ಆಗಿ, ಅಂದರೆ ಬೇರೆ ಸಾಫ್ಟ್‌ವೇರ್ ಜೋಡಿಸಿಕೊಳ್ಳುವ ಕೊಂಡಿಯಾಗಿ ಸಿಗುತ್ತದೆ. ಇಟ್ಟಿಗೆ, ಮರಳು, ಸಿಮೆಂಟು ಮನೆ ಬಾಗಿಲಿಗೆ ಬರುತ್ತದೆ, ಮೇಸ್ತ್ರಿ ನಿಮ್ಮವರೇ ಆಗಬೇಕು. ನಿಮ್ಮಲ್ಲಿ ಕಾಯಂ ಇಂಜಿನಿಯರ್‌ಗಳ ತಂಡ ಇಲ್ಲದಿದ್ದರೆ ಆ ಕಡೆ ತಲೆ ಹಾಕಬೇಡಿ, ಎಷ್ಟೇ ಫ್ಯಾಷನ್ ಆಗಿದ್ದರೂ.

ದುಡ್ಡಿನ ಲೆಕ್ಕ

ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ. ಶಾಪಿಫೈ ಪ್ಲಸ್ ತನ್ನ ಬೆಲೆಯನ್ನು ಬಹಿರಂಗವಾಗಿ ಹೇಳುತ್ತದೆ. ಮೂರು ವರ್ಷದ ಒಪ್ಪಂದಕ್ಕೆ ತಿಂಗಳಿಗೆ 2300 ಡಾಲರ್‌ನಿಂದ ಶುರು, ವ್ಯಾಪಾರ ದೊಡ್ಡದಾದರೆ ಶೇಕಡಾ ಲೆಕ್ಕ. ಉಳಿದ ದೊಡ್ಡವರಲ್ಲಿ ಬಹುತೇಕರದ್ದು ‘ನಮ್ಮ ಜೊತೆ ಮಾತಾಡಿ’. ಮಾತಾಡಿದರೆ ಹೊರಬರುವುದು ಸಾಮಾನ್ಯವಾಗಿ ಜಿಎಂವಿ ಲೆಕ್ಕ, ಅಂದರೆ ಸೈಟ್‌ನಲ್ಲಿ ನಡೆದ ಒಟ್ಟು ವ್ಯಾಪಾರದ ಮೇಲೆ ಇಷ್ಟು ಪಾಲು.

ಆಗ ಕೇಳಬೇಕಾದ ಪ್ರಶ್ನೆ ಒಂದೇ. ಆ ಒಟ್ಟು ವ್ಯಾಪಾರದಲ್ಲಿ ವಾಪಸ್ ಬಂದ ಮಾಲು ಸೇರಿದೆಯಾ? ನಮ್ಮಲ್ಲಿ ಕ್ಯಾಷ್ ಆನ್ ಡೆಲಿವರಿ ಜಾಸ್ತಿ, ಬಾಗಿಲು ತಟ್ಟಿ ವಾಪಸ್ ಬರುವ ಪಾರ್ಸೆಲ್ಲೂ ಜಾಸ್ತಿ. ಲೆಕ್ಕಕ್ಕೆ ವರ್ಷಕ್ಕೆ 200 ಕೋಟಿ ರೂಪಾಯಿಯ ಆರ್ಡರ್ ಬಂತು, 50 ಕೋಟಿಯದ್ದು ವಾಪಸ್ ಬಂತು ಅನ್ನಿ. ಪಾಲು ಶೇ 1 ಆದರೆ ಒಂದು ಲೆಕ್ಕದಲ್ಲಿ 2 ಕೋಟಿ, ಇನ್ನೊಂದರಲ್ಲಿ ಒಂದೂವರೆ ಕೋಟಿ. ಮಾರಾಟವೇ ಆಗದ ಮಾಲಿಗೆ 50 ಲಕ್ಷ! ಡೀಲರ್ ಆರ್ಡರ್ ಸೇರುತ್ತದಾ, ಅಂಗಡಿಯಿಂದ ಟ್ಯಾಬ್‌ನಲ್ಲಿ ಹಾಕಿದ ಆರ್ಡರ್ ಸೇರುತ್ತದಾ, ತೆರಿಗೆ ಸೇರಿಸಿ ಲೆಕ್ಕವಾ ಬಿಟ್ಟಾ, ಇದನ್ನೆಲ್ಲ ಒಪ್ಪಂದದ ಹಾಳೆಯಲ್ಲೇ ಬರೆಸಿ. ಬಾಯಿಮಾತು ಬೇಡ.

ಲೈಸೆನ್ಸ್ ಬಿಟ್ಟು ಕಟ್ಟಿಕೊಡುವ ಪಾರ್ಟ್‌ನರ್ ಕಂಪನಿಯ ಫೀಸು, ಪ್ಲಗಿನ್‌ಗಳ (ಮೇಲಿಂದ ಸೇರಿಸುವ ಸಣ್ಣ ಸಾಫ್ಟ್‌ವೇರ್) ತಿಂಗಳ ಬಾಡಿಗೆ, ಇಆರ್‌ಪಿ ಜೋಡಣೆ, ಪ್ರತಿ ವರ್ಷದ ಅಪ್‌ಗ್ರೇಡ್, ನಿಮ್ಮದೇ ಜನರ ಸಂಬಳ. ಐದು ವರ್ಷಕ್ಕೆ ಇವೆಲ್ಲ ಕೂಡಿಸಿ. ಸ್ವಂತ ಮನೆ ಮಾದರಿಯಲ್ಲಿ ಲೈಸೆನ್ಸ್ ಈ ಮೊತ್ತದ ಚಿಕ್ಕ ಭಾಗವಾಗಿರುವುದೂ ಉಂಟು, ಮಜೆಂಟೊದ ಓಪನ್ ಸೋರ್ಸ್ ಆವೃತ್ತಿಗಂತೂ ಲೈಸೆನ್ಸ್ ಸೊನ್ನೆ.

ಡೆಮೊ ದಿನ

ಇಬ್ಬರು ಮೂವರನ್ನು ಮಾತ್ರ ಕರೆಯಿರಿ. ಎರಡು ವಾರ ಮೊದಲೇ ನಿಮ್ಮ ಹತ್ತು ಆರ್ಡರ್ ಮತ್ತು ನಿಮ್ಮ ನಿಜವಾದ ಸರಕಿನ ಪಟ್ಟಿ ಕಳಿಸಿ. ಚಂದ ಮಾಡಿದ ಐವತ್ತು ಸರಕು ಕಳಿಸಬೇಡಿ, ಹೆಸರು ತಪ್ಪಿದ್ದು, ಫೋಟೊ ಇಲ್ಲದ್ದು ಎಲ್ಲ ಸೇರಿದ ಪೂರ್ತಿ ಕಸ ಕಳಿಸಿ. ನಾವೊಮ್ಮೆ 40,000 ಸಾಲಿನ ಫೈಲ್ ಕೊಟ್ಟಾಗ, ಅಲ್ಲಿ ತನಕ ಎಲ್ಲದಕ್ಕೂ ಹೂಂ ಅನ್ನುತ್ತಿದ್ದ ಒಂದು ಕಂಪನಿಯವರು ಬೆಳಿಗ್ಗೆ ಹತ್ತಕ್ಕೆ ಶುರು ಮಾಡಿದ್ದು ರಾತ್ರಿಯಾದರೂ ಒಳಗೆ ಹೋಗಿರಲಿಲ್ಲ. ಅವತ್ತೇ ಗೊತ್ತಾಗಿದ್ದು ಒಳ್ಳೆಯದಾಯಿತು.

ಪ್ರತಿ ಆರ್ಡರ್‌ಗೂ ಮೂರೇ ಉತ್ತರ ಬರೆದುಕೊಳ್ಳಿ. ಇದ್ದ ಹಾಗೇ ಆಗುತ್ತದೆ. ಪ್ಲಗಿನ್ ಹಾಕಿದರೆ ಆಗುತ್ತದೆ. ಕೋಡ್ ಬರೆದರೆ ಆಗುತ್ತದೆ. ‘ನಮ್ಮ ಮುಂದಿನ ಆವೃತ್ತಿಯಲ್ಲಿ ಬರುತ್ತದೆ’ ಅಂದರೆ ಆಗುವುದಿಲ್ಲ ಅಂತಲೇ ಬರೆದುಕೊಳ್ಳಿ. ಮೌಸು ಅವರ ಕೈಯಲ್ಲಿ ಬಿಡಬೇಡಿ, ನಿಮ್ಮ ಗೋದಾಮಿನವರ ಕೈಗೆ ಕೊಡಿ.

ಜಾತ್ರೆ ದಿನ ತಡೆಯುತ್ತದಾ?

2014ರ ಅಕ್ಟೋಬರ್ 6, ಬೆಂಗಳೂರಿನ ಫ್ಲಿಪ್‌ಕಾರ್ಟ್‌ನ ಮೊದಲ ಬಿಗ್ ಬಿಲಿಯನ್ ಡೇ ನೆನಪಿದೆ ಅಲ್ವಾ? ಭಾರಿ ತಯಾರಿ ಮಾಡಿಕೊಂಡೇ ಇಳಿದಿದ್ದರು, ಆದರೂ ಸೈಟ್ ತಡವರಿಸಿತು, ಸ್ಟಾಕ್ ಇಲ್ಲ ಅಂತ ಬಂತು, ಸ್ಥಾಪಕರು ಗಿರಾಕಿಗಳಿಗೆ ಪತ್ರ ಬರೆದು ಕ್ಷಮೆ ಕೇಳಿದರು. ಅಮೆರಿಕದ ಟಾರ್ಗೆಟ್ ಕಂಪನಿಯದ್ದೂ ಇದೇ ಕಥೆ. ಅಮೆಜಾನ್‌ನ ಪ್ಲಾಟ್‌ಫಾರ್ಮ್ ಬಿಟ್ಟು 2011ರ ಆಗಸ್ಟ್‌ನಲ್ಲಿ ಹೊಸ ಸೈಟ್ ತೆರೆದರು, ಸೆಪ್ಟೆಂಬರ್ 13ಕ್ಕೆ ಮಿಸ್ಸೋನಿ ಬಟ್ಟೆ ಬಿಟ್ಟ ದಿನ ಸೈಟ್ ಮಲಗಿತು.

ಆದ್ದರಿಂದ ಎಷ್ಟು ಜನ ನೋಡಬಹುದು ಅಂತ ಕೇಳಬೇಡಿ. ನೋಡುವ ಪುಟದ ನಕಲನ್ನು ಮೊದಲೇ ತೆಗೆದಿಟ್ಟು ಯಾರು ಬೇಕಾದರೂ ಲಕ್ಷಾಂತರ ಜನಕ್ಕೆ ತೋರಿಸಬಹುದು. ಒಂದು ನಿಮಿಷಕ್ಕೆ ಎಷ್ಟು ಆರ್ಡರ್ ಹಿಡಿಯುತ್ತದೆ, ಕೂಪನ್ ಮತ್ತು ಸ್ಟಾಕ್ ಸರಿ ನೋಡಿಕೊಂಡು, ಅದನ್ನು ಕೇಳಿ. ಜೊತೆಗೆ ನಿಮ್ಮ ಇಆರ್‌ಪಿಗೆ ಅಷ್ಟು ವೇಗ ಇದೆಯಾ ಅಂತ ನಿಮ್ಮವರನ್ನೇ ಕೇಳಿ. ಮುಂದೆ ಹೆದ್ದಾರಿ, ಹಿಂದೆ ಗಾಡಿ ದಾರಿ ಆದರೆ ಏನೂ ಉಪಯೋಗವಿಲ್ಲ.

ಹೊರಬರುವ ಬಾಗಿಲು

ಸಹಿ ಹಾಕುವ ಮೊದಲು ಬಿಟ್ಟು ಹೋಗುವ ಮಾತಾಡಿ, ಅಪಶಕುನ ಅನ್ನಿಸಿದರೂ ಪರವಾಗಿಲ್ಲ. ಇಲ್ಲದಿದ್ದರೆ ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ. ಹಳೆಯ ಆರ್ಡರ್‌ಗಳು, ಗಿರಾಕಿಗಳ ವಿಳಾಸ, ವಿಮರ್ಶೆಗಳು, ಪಾಸ್‌ವರ್ಡ್ ಹ್ಯಾಷ್‌ಗಳು (ಗುಟ್ಟಾಗಿ ಬದಲಿಸಿಟ್ಟ ಪಾಸ್‌ವರ್ಡ್) ಯಾವ ರೂಪದಲ್ಲಿ, ಎಷ್ಟು ದಿನದಲ್ಲಿ ಸಿಗುತ್ತವೆ ಅಂತ ಬರೆಸಿಕೊಳ್ಳಿ. ಬ್ರಿಟನ್‌ನ ಮಾರ್ಕ್ಸ್ ಅಂಡ್ ಸ್ಪೆನ್ಸರ್ ಕೂಡ ಅಮೆಜಾನ್ ಬಿಟ್ಟು 2014ರ ಫೆಬ್ರುವರಿಯಲ್ಲಿ 15 ಕೋಟಿ ಪೌಂಡ್ ಖರ್ಚಿನ ಹೊಸ ಸೈಟ್ ತೆರೆಯಿತು. ಹಳೆಯ ಗಿರಾಕಿಗಳೆಲ್ಲ ಮತ್ತೆ ಹೊಸದಾಗಿ ನೋಂದಾಯಿಸಬೇಕಾಯಿತು. ಏಪ್ರಿಲ್‌ನಿಂದ ಜೂನ್ ತನಕದ ಮೂರು ತಿಂಗಳಲ್ಲಿ ಆನ್‌ಲೈನ್ ಮಾರಾಟ ಶೇ 8.1 ಕುಸಿಯಿತು. ಹಳೆಯ ಪುಟಗಳ ಕೊಂಡಿ ಹೊಸ ಪುಟಗಳಿಗೆ ಕರೆದೊಯ್ಯಬೇಕು ಅನ್ನುವುದೂ ಇದರಲ್ಲೇ ಸೇರಿತು, ಮರೆತರೆ ಗೂಗಲ್‌ನಿಂದ ಬರುವ ಜನ ‘ಪುಟ ಸಿಗಲಿಲ್ಲ’ ನೋಡಿ ವಾಪಸ್ ಹೋಗುತ್ತಾರೆ.

ಇನ್ನು ತೆರೆಯುವ ದಿನ. ಆಯುಧಪೂಜೆಯಂದು ಸರ್ವರ್‌ಗೆ ಕುಂಕುಮ ಹಚ್ಚಿ ಹೊಸ ಸೈಟ್ ಬಿಡಬೇಕು ಅನ್ನುವ ಆಸೆ ಮಾಲೀಕರಿಗೆ ಇದ್ದೇ ಇರುತ್ತದೆ. ಅದು ವರ್ಷದ ಅತಿ ಹೆಚ್ಚು ಆರ್ಡರ್ ಬರುವ ಹೊತ್ತು, ಆಗ ಒಂದು ಗುಂಡಿಯನ್ನೂ ಬದಲಿಸಬಾರದು. ತಾಂತ್ರಿಕವಾಗಿ ಒಳ್ಳೆಯ ಕಾಲ ಆಷಾಢ, ಮದುವೆ ಇಲ್ಲ, ಹಬ್ಬ ಕಡಿಮೆ. ಆದರೆ ಆಷಾಢದಲ್ಲಿ ಹೊಸ ಕೆಲಸ ಶುರು ಮಾಡೋಣ ಅಂದರೆ ಯಾರು ಒಪ್ಪುತ್ತಾರೆ? ನಾನು ಹೇಳುವ ದಾರಿ ಇದು. ಆಷಾಢದಲ್ಲಿ ‘ಪರೀಕ್ಷೆ’ ಅಂತ ಹೆಸರಿಟ್ಟು ಡೀಲರ್‌ಗಳಿಗೆ ಮಾತ್ರ ಸದ್ದಿಲ್ಲದೆ ಬಿಡಿ, ಆಮೇಲೆ ಒಂದು ಊರಿನ ಗಿರಾಕಿಗಳಿಗೆ. ತಪ್ಪುಗಳೆಲ್ಲ ಅಲ್ಲೇ ಹೊರಬರಲಿ. ಪೂಜೆ ಶ್ರಾವಣದಲ್ಲಿ ಇಟ್ಟುಕೊಳ್ಳಿ.