ಕೋಳಿಯ ಕಾಲು ಹಿಡಿದು ಹೇಳಿಕೊಟ್ಟ ಅಂಗಾಂಶ ಪಾಠ

ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಮನೆಯಲ್ಲಿ ಸಂಜೆ ಹೊತ್ತು ಕನ್ನಡದ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಅದರಲ್ಲಿ ಒಂದು ಪಾಠ ಸಂಯೋಜಕ ಅಂಗಾಂಶ, ಅಂದರೆ ದೇಹದ ಭಾಗಗಳನ್ನು ಜೋಡಿಸಿ ಆಧಾರ ಕೊಡುವ ಅಂಗಾಂಶ. ಟೆಂಡನ್ ಸ್ನಾಯುವನ್ನು ಮೂಳೆಗೆ, ಲಿಗಮೆಂಟ್ ಮೂಳೆಯನ್ನು ಮೂಳೆಗೆ ಕಟ್ಟುತ್ತದೆ ಎಂದು ಬಾಯಿಪಾಠ ಮಾಡಿದವರೇ ಪರೀಕ್ಷೆಯಲ್ಲಿ ಎರಡನ್ನೂ ಅದಲುಬದಲು ಮಾಡುತ್ತಿದ್ದುದರಿಂದ, ಒಂದು ವರ್ಷ ಕರಿಹಲಗೆಯನ್ನು ಬದಿಗಿಟ್ಟು, ಸಸ್ಯಾಹಾರಿ ಮನೆಗಳವರನ್ನು ಮೊದಲೇ ಕೇಳಿಕೊಂಡು, ಮಾರುಕಟ್ಟೆಯಿಂದ ಪಾದಸಹಿತವಾದ ಕೋಳಿಕಾಲುಗಳನ್ನು ತಂದೆ.

ಪಾದವನ್ನು ಕತ್ತರಿಸಿದ ಕಡೆ ಬೆಳ್ಳಗೆ ಹೊಳೆಯುವ ದಾರಗಳು ಕಾಣುತ್ತವೆ. ಹಿಂಬದಿಯದನ್ನು ಚಿಮಟದಲ್ಲಿ ಹಿಡಿದೆಳೆದರೆ ಬೆರಳುಗಳು ಮುಷ್ಟಿಯಂತೆ ಮಡಚುತ್ತವೆ. ಮುಂಬದಿಯದನ್ನು ಎಳೆದರೆ ಬಿಚ್ಚಿಕೊಳ್ಳುತ್ತವೆ. ಇದೇ ಟೆಂಡನ್. ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳು ಒಂದೇ ದಿಕ್ಕಿಗೆ ಒತ್ತಾಗಿ ಕೂಡಿರುವುದರಿಂದ ಅದು ಅಷ್ಟಾಗಿ ಹಿಗ್ಗದೆ ಸ್ನಾಯುವಿನ ಎಳೆತವನ್ನು ಮೂಳೆಗೆ ಮುಟ್ಟಿಸುತ್ತದೆ. ಚರ್ಮ ಸುಲಿಯುವಾಗ ಕೈಗೆ ಅಂಟುವ ತೆಳುಪೊರೆ ಸಡಿಲ ಸಂಯೋಜಕ ಅಂಗಾಂಶ, ಅದರೊಳಗಿನ ಹಳದಿ ಉಂಡೆ ಕೊಬ್ಬು. ಮಂಡಿಯ ಕೀಲನ್ನು ಬಿಡಿಸಿದಾಗ ಎರಡು ಮೂಳೆಗಳನ್ನು ಹಿಡಿದಿದ್ದ ಗಟ್ಟಿ ಪಟ್ಟಿ, ಅಂದರೆ ಲಿಗಮೆಂಟ್, ಮತ್ತು ಮೂಳೆಯ ತುದಿಯಲ್ಲಿ ನುಣುಪಾದ ಮೃದ್ವಸ್ಥಿ (ಕಾರ್ಟಿಲೇಜ್) ಸಿಕ್ಕವು. ಮೃದ್ವಸ್ಥಿಯಲ್ಲಿ ರಕ್ತನಾಳಗಳಿಲ್ಲ, ಅಜ್ಜಿಯ ಮಂಡಿ ಸವೆದರೆ ಸುಲಭಕ್ಕೆ ಸರಿಹೋಗದಿರಲು ಇದೂ ಒಂದು ಕಾರಣ ಎಂದಾಗ ಮಕ್ಕಳು ಗಂಭೀರರಾದರು.

ಮೂಳೆಯಲ್ಲಿ ಮಾತ್ರ ನಾನು ಎಡವಿದೆ. ಕುರಿಯ ದಪ್ಪ ಮೂಳೆಯನ್ನು ವಿನೆಗರ್‌ನಲ್ಲಿ ಒಂದು ವಾರ ನೆನೆಸಿದರೂ ಅದು ಬಾಗಲಿಲ್ಲ. ಮಳೆಗಾಲದ ಆ ವಾಸನೆಗೆ ಪಕ್ಕದ ಮನೆಯವರು ಬಾಗಿಲು ತಟ್ಟಿದ್ದಷ್ಟೇ ಲಾಭ. ಮುಂದಿನ ಸಲ ಕೋಳಿಯ ಸಣ್ಣ ಮೂಳೆಯನ್ನು ಚೊಕ್ಕವಾಗಿ ತೊಳೆದು, ಎರಡು ದಿನಕ್ಕೊಮ್ಮೆ ವಿನೆಗರ್ ಬದಲಿಸಿದೆ. ಐದನೆಯ ದಿನಕ್ಕೆ ಅದು ರಬ್ಬರಿನಂತೆ ಬಳುಕಿತು. ಗಡಸುತನ ಕೊಡುವ ಕ್ಯಾಲ್ಸಿಯಂ ಲವಣ ಕರಗಿ, ಕೊಲಾಜೆನ್ ಹಾಗೆಯೇ ಉಳಿದಿತ್ತು. ಪಾಯಾ (ಕಾಲಿನ) ಸೂಪನ್ನು ತುಂಬ ಹೊತ್ತು ಕುದಿಸಿದಾಗ ಬರುವ ಅಂಟು ಕೂಡ ಇದೇ ಕೊಲಾಜೆನ್ ಜೆಲಟಿನ್ ಆದದ್ದು ಎಂದೆ. ಜೀವಕೋಶಗಳಿಗಿಂತ ಅವುಗಳ ಸುತ್ತ ತುಂಬಿರುವ ವಸ್ತು, ಅಂದರೆ ಮಾತೃಕೆಯೇ, ಈ ಅಂಗಾಂಶಗಳ ಗುಣವನ್ನು ಹೆಚ್ಚಾಗಿ ತೀರ್ಮಾನಿಸುತ್ತದೆ ಎಂಬ ಮಾತು, ನನ್ನ ಮಟ್ಟಿಗೆ ಈ ಪಾಠದ ತಿರುಳು, ಆ ಬಳುಕುವ ಮೂಳೆಯಿಂದಲೇ ಅವರಿಗೆ ದಕ್ಕಿತು.

"ಹಾಗಾದರೆ ರಕ್ತದಲ್ಲಿ ದಾರ ಎಲ್ಲಿದೆ ಟೀಚರ್?" ಎಂದು ಹಿಂದೆ ಕುಳಿತಿದ್ದ ಹುಡುಗಿ ಕೇಳಿದಳು. ರಕ್ತವೂ ಸಂಯೋಜಕ ಅಂಗಾಂಶವೇ, ಆದರೆ ಅದರ ಮಾತೃಕೆ ದ್ರವರೂಪದ ಪ್ಲಾಸ್ಮಾ. ಅದರಲ್ಲಿ ಫೈಬ್ರಿನೋಜನ್ ಎಂಬ ಪ್ರೋಟೀನ್ ಕರಗಿರುತ್ತದೆ, ಗಾಯವಾದೊಡನೆ ಅದೇ ಫೈಬ್ರಿನ್ ಎಳೆಗಳಾಗಿ ಬಲೆ ಹೆಣೆಯುತ್ತದೆ ಎಂದೆ. ಅವಳು ತನ್ನ ಮೊಣಕೈ ಮೇಲಿನ ಹಕ್ಕಳೆಯನ್ನು ತಿರುಗಿಸಿ ನೋಡಿಕೊಂಡಳು.