ಕಾದ ತಂತಿ ಹೇಳಿದ ಎರಡು ವೋಲ್ಟ್ ಸುಳ್ಳು

ನಮ್ಮ ಲ್ಯಾಬಿನ ಆರ್ಗಾನ್ ಪ್ಲಾಸ್ಮಾದ (ಎಲೆಕ್ಟ್ರಾನ್, ಅಯಾನುಗಳಾಗಿ ಒಡೆದ ಅನಿಲದ) ಪೊಟೆನ್ಷಿಯಲ್, ಅಂದರೆ ಅದು ಎಷ್ಟು ವೋಲ್ಟ್‌ನಲ್ಲಿದೆ ಅಂತ, ಅಳೆಯಬೇಕಿತ್ತು. ತಣ್ಣನೆಯ ತಂತಿ ಇಳಿಬಿಟ್ಟರೆ ಸರಿಯಾದ ಉತ್ತರ ಸಿಗುವುದಿಲ್ಲ. ಎಲೆಕ್ಟ್ರಾನ್‌ಗಳು ಹಗುರ, ಚುರುಕು. ಅಯಾನುಗಳಿಗಿಂತ ಮೊದಲೇ ಬಂದು ತಂತಿ ಸೇರಿ ಅದನ್ನು ಮೈನಸ್ ಕಡೆಗೆ ಎಳೆದುಬಿಡುತ್ತವೆ. ನನ್ನ ಮೀಟರ್ −7 ವೋಲ್ಟ್ ತೋರಿಸುತ್ತಿತ್ತು. ತಂತಿಯನ್ನೇ ಕಾಯಿಸಿದರೆ ಅದೂ ಎಲೆಕ್ಟ್ರಾನ್ ಹೊರಬಿಡುತ್ತದೆ, ಆಗ ಕೊಟ್ಟದ್ದಕ್ಕೂ ತಗೊಂಡದ್ದಕ್ಕೂ ಹೆಚ್ಚುಕಮ್ಮಿ ಸರಿಹೋಗುತ್ತದೆ. ಎಮಿಸಿವ್ ಪ್ರೋಬ್ ಅಂದರೆ ಇಷ್ಟೇ.

ನಾನು ತಗೊಂಡದ್ದು 0.125 ಮಿಲಿಮೀಟರ್ ಟಂಗ್‌ಸ್ಟನ್ ತಂತಿ. ಟಂಗ್‌ಸ್ಟನ್‌ಗೆ ಮಾಮೂಲಿ ಸೋಲ್ಡರ್ ಹಿಡಿಯುವುದಿಲ್ಲ. ಹಾಗಾಗಿ ಒಂದು ಸೆಂಟಿಮೀಟರ್ ಕುಣಿಕೆ ಮಾಡಿ, ಎರಡು ತೂತಿನ ಅಲ್ಯುಮಿನಾ ಕೊಳವೆಯೊಳಗೆ ತಾಮ್ರದ ಎಳೆಗಳ ಜೊತೆ ಬಿಗಿಯಾಗಿ ತುರುಕಿದೆ. ಕಾಯಿಸಲು 12 ವೋಲ್ಟ್ ಬ್ಯಾಟರಿ. ಅದರ ಯಾವ ತುದಿಯನ್ನೂ ಅರ್ಥ್‌ಗೆ ಕಟ್ಟುವ ಹಾಗಿಲ್ಲ, ಕಟ್ಟಿದರೆ ಪ್ರೋಬ್ ತೇಲುವುದೇ ಇಲ್ಲ, ಅಂದರೆ ತನ್ನ ವೋಲ್ಟೇಜನ್ನು ತಾನೇ ಕಂಡುಕೊಳ್ಳುವುದಿಲ್ಲ. ಬ್ಯಾಟರಿಯನ್ನು ಪ್ಲಾಸ್ಟಿಕ್ ಕ್ರೇಟ್ ಮೇಲಿಟ್ಟೆ.

1.7 ಆಂಪಿಯರ್ ಹತ್ತಿರ ಹೋದಾಗ ತಂತಿ ಬಲ್ಬಿನ ಹಾಗೆ ಬೆಳಗಿತು. ವೋಲ್ಟೇಜ್ ಸರಸರ ಏರಿ +1ಕ್ಕೆ ಬಂದು ನಿಂತಿತು. ಇನ್ನೂ ಕಾಯಿಸಿದರೆ ಇನ್ನೂ ಏರುತ್ತೆ ಅಲ್ವಾ ಅಂದುಕೊಂಡೆ. ಅಲ್ಲೇ ಎಡವಿದ್ದು. 2200ರಿಂದ 2400 ಕೆಲ್ವಿನ್‌ಗೆ ಹೋದರೆ ಟಂಗ್‌ಸ್ಟನ್ ಎಲೆಕ್ಟ್ರಾನ್ ಹೊರಬಿಡುವುದು (ಎಮಿಷನ್) ಎಂಟು ಪಟ್ಟಿಗಿಂತ ಜಾಸ್ತಿಯಾಗುತ್ತದೆ. ಮೀಟರ್ ಮಾತ್ರ ಕದಲಲಿಲ್ಲ. ಹಟಕ್ಕೆ ಬಿದ್ದು ಮೂರು ತಂತಿ ಸುಟ್ಟೆ.

ಕಾರಣ ತಂತಿಯ ಮುಂದೆಯೇ ಇತ್ತು. ಪ್ಲಾಸ್ಮಾದ ಎಲೆಕ್ಟ್ರಾನ್‌ಗಳ ತಾಪ, ಶಕ್ತಿಯ ಅಳತೆಯಲ್ಲಿ ಹೇಳಿದರೆ, ಸುಮಾರು 2 ಎಲೆಕ್ಟ್ರಾನ್ ವೋಲ್ಟ್. ತಂತಿಯಿಂದ ಹೊರಟವಕ್ಕೆ ಬರೀ 0.2. ಅವು ನಿಧಾನಕ್ಕೆ ಹೊರಟು, ಬಾಗಿಲಲ್ಲೇ ಗುಂಪುಗಟ್ಟಿ, ಹಿಂದೆ ಬರುವವನ್ನು ವಾಪಸ್ ತಳ್ಳುತ್ತವೆ. ಎಷ್ಟೇ ಕಾಯಿಸಿದರೂ ತೇಲುವ ತಂತಿ ಪ್ಲಾಸ್ಮಾಕ್ಕಿಂತ ಹೆಚ್ಚುಕಮ್ಮಿ ಒಂದು ಎಲೆಕ್ಟ್ರಾನ್ ತಾಪದಷ್ಟು, ಅಂದರೆ ಇಲ್ಲಿ ಸುಮಾರು 2 ವೋಲ್ಟ್, ಕೆಳಗೇ ಉಳಿಯುತ್ತದೆ. ಹಾಬ್ಸ್ ಮತ್ತು ವೆಸ್ಸನ್ ಎಂಬ ಭೌತವಿಜ್ಞಾನಿಗಳು 1967ರಲ್ಲೇ ಈ ಲೆಕ್ಕ ಮಾಡಿಟ್ಟಿದ್ದರು. ನಾನು ಓದಿದ್ದು ತಂತಿ ಸುಟ್ಟ ಮೇಲೆ.

ಆಮೇಲೆ ದಾರಿ ಬದಲಿಸಿದೆ. ಸ್ಮಿತ್, ಹರ್ಷ್‌ಕೋವಿಟ್ಜ್, ಕೋಕ್ಲಿ 1979ರಲ್ಲಿ ತೋರಿಸಿದ ವಿಧಾನ ಇದು. ತಂತಿಯನ್ನು ಸ್ವಲ್ಪವೇ ಕಾಯಿಸಿ, ಅದಕ್ಕೆ ಹೊರಗಿನಿಂದ ಕೊಡುವ ವೋಲ್ಟೇಜನ್ನು (ಬಯಾಸ್) ಮೇಲೆ ಕೆಳಗೆ ಓಡಿಸಿ, ಕರೆಂಟಿನ ಗೆರೆ ಬಾಗು ಬದಲಿಸುವ ಜಾಗ ಹುಡುಕಬೇಕು. ನಾಲ್ಕೈದು ಬೇರೆ ಬೇರೆ ಕಾವಿನಲ್ಲಿ ಹೀಗೆ ಮಾಡಿ, ಎಮಿಷನ್ ಸೊನ್ನೆಯಾದರೆ ಆ ಜಾಗ ಎಲ್ಲಿರುತ್ತಿತ್ತು ಅಂತ ಗೆರೆ ಎಳೆದು ನೋಡಬೇಕು. ನನಗೆ +3 ಬಂತು. ಕುಣಿಕೆಯ ಎರಡು ತುದಿಗಳ ನಡುವೆಯೇ ಸುಮಾರು 1 ವೋಲ್ಟ್ ವ್ಯತ್ಯಾಸ ಇರುತ್ತದೆ, ಹಾಗಾಗಿ ದಶಮಾಂಶಕ್ಕೆ ನಾನು ಜಗಳವಾಡುವುದಿಲ್ಲ.

ಮೆತ್ತಗೆ ಕಾಯಿಸಿದ್ದಕ್ಕೆ ನಾಲ್ಕನೇ ತಂತಿ ಮೂರು ವಾರ ಬಾಳಿತು. ಒಂದು ಸಂಜೆ ಅವಸರದಲ್ಲಿ, ಬ್ಯಾಟರಿ ಕಳಚುವುದನ್ನು ಮರೆತು ಚೇಂಬರಿಗೆ ಗಾಳಿ ಬಿಟ್ಟೆ. ಕಿಟಕಿಯಲ್ಲಿ ಒಂದೆಳೆ ಹೊಗೆ ಕಂಡಿತು. ತೆರೆದು ನೋಡಿದರೆ ಕೊಳವೆಯ ತುದಿಗೆ ಹಳದಿ ಪುಡಿ ಮೆತ್ತಿಕೊಂಡಿತ್ತು, ತಂತಿ ಇರಲಿಲ್ಲ.