ಗ್ರಾಫಿಕ್ ಡಿಸೈನ್ ಪ್ರವೇಶಕ್ಕೆ ಪೋರ್ಟ್‌ಫೋಲಿಯೊ: ಕೊಡಗಿನ ವಿದ್ಯಾರ್ಥಿಗಳಿಗೆ

ಯಾವ ಕಾಲೇಜು ಏನು ಕೇಳುತ್ತದೆ ಎಂಬುದನ್ನು ಮೊದಲು ಓದಿ. ಐಐಟಿಗಳ ಬಿ.ಡಿಸ್. (ಡಿಸೈನ್ ಪದವಿ) ಸೀಟು ಯುಸೀಡ್ ಪ್ರವೇಶ ಪರೀಕ್ಷೆಯ ರ‍್ಯಾಂಕಿನ ಮೇಲೆ ಸಿಗುತ್ತದೆ, ಅಲ್ಲಿ ಪೋರ್ಟ್‌ಫೋಲಿಯೊ, ಅಂದರೆ ನೀವು ಮಾಡಿದ ಕೆಲಸಗಳ ಆಯ್ದ ಸಂಗ್ರಹ, ಬೇಡ. ಹಲವು ಖಾಸಗಿ ಡಿಸೈನ್ ಕಾಲೇಜುಗಳಲ್ಲಿ ಸಂದರ್ಶನ ನಡೆಯುವುದೇ ಅದನ್ನು ಮುಂದಿಟ್ಟುಕೊಂಡು. ಪುಟಗಳ ಮಿತಿ, ಪಿಡಿಎಫ್ ಎಷ್ಟು ಎಂಬಿ ದಾಟಬಾರದು, ಮೂಲ ಚಿತ್ರಗಳನ್ನು ತರಬೇಕೆ, ಈ ಮೂರನ್ನೂ ಬರೆದಿಟ್ಟುಕೊಳ್ಳಿ. ಮಿತಿ ಹೇಳದಿದ್ದರೆ 10ರಿಂದ 15 ಕೆಲಸ ಸಾಕು, ಅದಕ್ಕೆ ನಾಲ್ಕು ತಿಂಗಳಾದರೂ ಬೇಕು.

ಅಬ್ಬಿ ಜಲಪಾತ, ರಾಜಾಸೀಟಿನ ಸೂರ್ಯಾಸ್ತ, ಸಿನಿಮಾ ನಟನ ಪೆನ್ಸಿಲ್ ಮುಖ ಇವನ್ನು ಬರೆಯಲು ಯಾರಿಗೂ ಕೈ ತುರಿಸುತ್ತದೆ. ಒಂದೆರಡು ಇರಲಿ. ನೋಡಿ ನಕಲು ಮಾಡಿದ ಚಿತ್ರದಿಂದ ನಿಮ್ಮ ಕೈ ಪಳಗಿದೆ ಎಂದು ತಿಳಿಯುತ್ತದೆ, ತಲೆ ಹೇಗೆ ಓಡುತ್ತದೆ ಎಂದು ತಿಳಿಯುವುದಿಲ್ಲ. ನೀವು ಎಲ್ಲಿ ತೊಡಕು ಕಂಡಿರಿ, ಎಷ್ಟು ದಾರಿ ಹುಡುಕಿದಿರಿ, ಯಾವುದನ್ನು ಯಾಕೆ ಬಿಟ್ಟಿರಿ ಎಂಬುದು ಪುಟದ ಮೇಲೆ ಕಾಣಬೇಕು. ಆದ್ದರಿಂದ ಎರಡು ಅಥವಾ ಮೂರು ಪ್ರಾಜೆಕ್ಟುಗಳನ್ನು ಬುಡದಿಂದ ತುದಿಯವರೆಗೆ ಮಾಡಿ.

ಕಾಫಿಪುಡಿ ಪ್ಯಾಕೆಟ್ ಒಳ್ಳೆಯ ವಿಷಯ. ಮಡಿಕೇರಿ ಇಲ್ಲವೇ ಕುಶಾಲನಗರದ ಅಂಗಡಿಯಲ್ಲಿ ಐದು ಬ್ರಾಂಡಿನ ಪ್ಯಾಕೆಟ್‌ಗಳನ್ನು ಸಾಲಾಗಿ ನೋಡಿ. ಕೊಳ್ಳುವವರು ಮೊದಲು ಏನು ಓದುತ್ತಾರೆ, ಏನು ಹುಡುಕಿ ಸಿಗದೆ ಅಂಗಡಿಯವರನ್ನು ಕೇಳುತ್ತಾರೆ ಎಂದು ಗುರುತು ಹಾಕಿಕೊಳ್ಳಿ. ಚಿಕೋರಿ ಬೆರೆತ ಪುಡಿಯಾದರೆ ಕಾಫಿ ಎಷ್ಟು, ಚಿಕೋರಿ ಎಷ್ಟು ಎಂದು ಶೇಕಡಾ ಲೆಕ್ಕದಲ್ಲಿ ಲೇಬಲ್ ಮೇಲೆ ಹೇಳಲೇಬೇಕು, ಕಾಫಿ 51ಕ್ಕಿಂತ ಕಡಿಮೆ ಇರುವಂತಿಲ್ಲ. ಆ ಅಂಕಿಯನ್ನೇ ವಿನ್ಯಾಸದ ನಡುಮನೆಗೆ ತರಬಹುದು. ಬೆಂಕಿಪೊಟ್ಟಣದಷ್ಟು ಚಿಕ್ಕದಾಗಿ 20 ಕರಡು ಬರೆಯಿರಿ, ಮೂರನ್ನು ಆರಿಸಿ, 250 ಗ್ರಾಂ ಪ್ಯಾಕೆಟ್ಟಿನ ನಿಜ ಅಳತೆಯಲ್ಲಿ ಕಾಗದದ ಮಾದರಿ ಮಾಡಿ. ಅದಕ್ಕೆ ಪುಡಿ ತುಂಬಿಸಿ ನಿಲ್ಲಿಸಿ, ಎರಡು ಮೀಟರ್ ದೂರದಿಂದ ನೋಡಿ. ಕೆಡುವುದು ಇಲ್ಲೇ: ಪರದೆಯ ಮೇಲೆ ಚಂದವಾಗಿದ್ದ ಹೆಸರು, ಪ್ಯಾಕೆಟ್ ಉಬ್ಬಿದ ಕೂಡಲೇ ಬದಿಯ ಮಡಿಕೆಯೊಳಗೆ ಸೇರಿಬಿಡುತ್ತದೆ. ಆ ಸೋತ ಮಾದರಿಯ ಫೋಟೊವನ್ನೂ ಪುಟಕ್ಕೆ ಹಾಕಿ.

ಇನ್ನೊಂದು, ಮಳೆಗಾಲದ ಮುನ್ನೆಚ್ಚರಿಕೆಯ ಪೋಸ್ಟರ್. 2018ರ ಭೂಕುಸಿತ ಕಂಡ ಜಿಲ್ಲೆಯಲ್ಲಿ ಇದು ಬರೀ ಅಭ್ಯಾಸದ ಕೆಲಸವಲ್ಲ. ತೋಟದ ಕಾರ್ಮಿಕರ ಲೈನ್‌ಮನೆಗಳಲ್ಲಿ ಕನ್ನಡ ಓದಲು ಬಾರದವರೂ ಇದ್ದಾರೆ, ಹಾಗಾಗಿ ಬಿರುಕು ಬಿಟ್ಟ ಮಣ್ಣಿನ ಬರೆ, ಇದ್ದಕ್ಕಿದ್ದಂತೆ ಕೆಂಪಾದ ತೋಡಿನ ನೀರು, ವಾಲಿದ ಮರ ಇವು ಚಿತ್ರದಲ್ಲೇ ಅರ್ಥವಾಗಬೇಕು. ವಿವರಿಸದೆ ಮೂವರಿಗೆ ತೋರಿಸಿ. ಅವರು ಹೇಳಿದ್ದನ್ನು ಹಾಗೆಯೇ ಬರೆದುಕೊಂಡು ತಿದ್ದಿ.

ಕನ್ನಡ ಅಕ್ಷರ ಬಳಸುವಾಗ ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬಿಡಿ, ಇಲ್ಲದಿದ್ದರೆ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ವಿನ್ಯಾಸದ ಸಾಫ್ಟ್‌ವೇರ್‌ಗಳಾದ ಇಲ್ಲಸ್ಟ್ರೇಟರ್, ಇನ್‌ಡಿಸೈನ್‌ಗಳಲ್ಲಿ ಒತ್ತಕ್ಷರ ಒಡೆದು ಬಂದರೆ ಪ್ಯಾರಾಗ್ರಾಫ್ ಪ್ಯಾನೆಲ್‌ನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಿ. ಬಲೂ ತಮ್ಮ, ನೋಟೊ ಸೆರಿಫ್ ಕನ್ನಡ ಉಚಿತ ಯೂನಿಕೋಡ್ ಫಾಂಟುಗಳು. ಪಿಡಿಎಫ್ ಮಾಡುವಾಗ ಫಾಂಟನ್ನು ಅದರೊಳಗೇ ಸೇರಿಸಿ.

ಚಿತ್ರಗಳ ಫೋಟೊ ತೆಗೆಯಲು ಮೋಡದ ದಿನವೇ ವರ. ಜಗಲಿಯಲ್ಲಿ ಕಾಗದವನ್ನು ಗೋಡೆಗೆ ಒರಗಿಸಿ, ಫೋನನ್ನು ಅದಕ್ಕೆ ಸಮಾನಾಂತರವಾಗಿ ಹಿಡಿದು, ಹಿಂದೆ ಸರಿದು 2ಎಕ್ಸ್ ಜೂಮ್‌ನಲ್ಲಿ ತೆಗೆಯಿರಿ. ಹತ್ತಿರದಿಂದ ತೆಗೆದರೆ ಅಂಚು ಬಾಗುತ್ತದೆ. ಫ್ಲ್ಯಾಶ್ ಹಾಕಿದರೆ ಪೆನ್ಸಿಲ್ ಗೆರೆ ಮಿನುಗುತ್ತದೆ. ಬಿಳಿ ಕಾಗದ ಬೂದು ಬಣ್ಣಕ್ಕೆ ಬಂದರೆ ಎಕ್ಸ್‌ಪೋಶರ್ ಸ್ವಲ್ಪ ಏರಿಸಿ. ಎ4ಗಿಂತ ಚಿಕ್ಕದನ್ನು 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕಿ) ಸ್ಕ್ಯಾನ್ ಮಾಡಿಸುವುದೇ ಮೇಲು.

ಮೂಲ ಚಿತ್ರಗಳಿಗೆ ಇಲ್ಲಿಯ ಥಂಡಿ ದೊಡ್ಡ ಶತ್ರು. ತೆಳು ಕಾಗದ ಸುರುಳಿ ಏಳುತ್ತದೆ, ಬೂಷ್ಟು ಹಿಡಿಯುತ್ತದೆ. ಕನಿಷ್ಠ 150 ಜಿಎಸ್‌ಎಂ (ಚದರ ಮೀಟರಿಗೆ 150 ಗ್ರಾಂ ತೂಗುವ) ಕಾರ್ಟ್ರಿಡ್ಜ್ ಎಂಬ ದಪ್ಪ ಚಿತ್ರಕಾಗದ ಬಳಸಿ, ಹಾಳೆಗಳ ನಡುವೆ ಬಟರ್ ಪೇಪರ್ ಇಟ್ಟು, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಮುಚ್ಚಳವಿರುವ ಡಬ್ಬಿಯಲ್ಲಿಡಿ. ಹೊರಗೋಡೆಗೆ ತಾಗಿಸಬೇಡಿ, ಒಲೆಯ ಮೇಲಿನ ಅಟ್ಟಕ್ಕೂ ಹಾಕಬೇಡಿ. ಹೊಗೆಗೆ ಕಾಗದ ಹಳದಿಯಾಗುತ್ತದೆ. ಇದ್ದಿಲಿನ ಚಿತ್ರಕ್ಕೆ, ಪುಡಿ ಉದುರದಂತೆ ಹಿಡಿದಿಡುವ ಫಿಕ್ಸೇಟಿವ್ ಸ್ಪ್ರೇಯನ್ನು ಬಿಸಿಲು ಬಂದ ದಿನ ಹೊಡೆಯಿರಿ.

ಪುಟಗಳನ್ನು ಎ3 ಅಡ್ಡ ಅಳತೆಯಲ್ಲಿ, ಸುತ್ತ 20 ಮಿ.ಮೀ. ಅಂಚು ಬಿಟ್ಟು ಜೋಡಿಸಿ. ಅತ್ಯುತ್ತಮವಾದದ್ದು ಮೊದಲಿಗೆ, ಎರಡನೆಯದು ಕೊನೆಗೆ. ಪ್ರತಿ ಕೆಲಸಕ್ಕೆ ಮೂರು ಸಾಲು ಸಾಕು: ತೊಡಕು ಏನು, ಬಳಸಿದ ಸಾಮಗ್ರಿ ಯಾವುದು, ಗುಂಪಿನ ಕೆಲಸವಾದರೆ ನಿಮ್ಮ ಪಾಲೆಷ್ಟು. ಎಐ ಬಳಸಿದ್ದರೆ ಅದನ್ನೂ ಬರೆಯಿರಿ. ಪರದೆಗೆ ಕಳಿಸುವ ಪಿಡಿಎಫ್‌ಗೆ 150 ಡಿಪಿಐ ಸಾಕು, ಪ್ರಿಂಟಿಗೆ 300 ಬೇಕು. ಫೈಲನ್ನು ಬೇರೆಯವರ ಫೋನಿನಲ್ಲಿ ಒಮ್ಮೆ ತೆರೆದು ನೋಡಿ, ಕೊನೆಯ ದಿನಾಂಕಕ್ಕೆ ಎರಡು ದಿನ ಮೊದಲೇ ಅಪ್‌ಲೋಡ್ ಮಾಡಿ. ಗಾಳಿಮಳೆಗೆ ಕರೆಂಟು, ನೆಟ್‌ವರ್ಕ್ ಎರಡೂ ಒಟ್ಟಿಗೇ ಹೋಗಬಹುದು.